ತಾರೀಕಿಗೊಂದು ದಾರಿ

ಹೋದ ತಿಂಗಳು ಹೆಗ್ಗಡದೇವನಕೋಟೆ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಕಾರು ನಿಂತುಬಿಟ್ಟಿತು. ಬ್ಯಾಟರಿ ಅಂಗಡಿಯವರು ಬಂದು ಬಾನೆಟ್ ಎತ್ತಿ, ಬ್ಯಾಟರಿಯ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದರು. ಆಸಿಡ್ಡಿನ ಆ ಹುಳಿ ವಾಸನೆ ಮೂಗಿಗೆ ಅಡರಿದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಎದುರಿನ ಹೋಟೆಲಿನ ಜಗಲಿಗೆ ಹೋಗಿ ಕುಳಿತೆ. "ಯಾಕೆ, ತಲೆ ಸುತ್ತುತ್ತಾ?" ಎಂದು ನನ್ನ ಗಂಡ ಕೇಳಿದರು. "ಇಲ್ಲ, ಹಳೇ ಆಫೀಸು ನೆನಪಾಯ್ತು" ಎಂದೆ. ಅವರು ನಕ್ಕು ಟೀ ಹೇಳಿದರು. ನನಗೆ ನಗು ಬರಲಿಲ್ಲ.

ಆ ವಾಸನೆಯಲ್ಲಿ ನಾನು ಒಂದು ಇಡೀ ಮಳೆಗಾಲ ಕಳೆದಿದ್ದೇನೆ. ಸರಗೂರಿನಿಂದ ಮುಂದೆ, ಕಾಡಿಗೆ ಹತ್ತಿರವಾಗಿ ಒಂದು ಊರು. ಹೆಸರು ಬೇಡ, ಈ ಕಥೆಯಲ್ಲಿ ಬರುವವರೆಲ್ಲ ಇನ್ನೂ ಚೆನ್ನಾಗಿದ್ದಾರೆ, ಚೆನ್ನಾಗಿರಲಿ. ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜ್ ಎಂದರೆ ಮೂರು ಕೋಣೆಯ ಒಂದು ಕಟ್ಟಡ: ಒಂದರಲ್ಲಿ ಯಂತ್ರ, ಒಂದರಲ್ಲಿ ಬ್ಯಾಟರಿಗಳು, ಇನ್ನೊಂದರಲ್ಲಿ ನನ್ನ ಮೇಜು. ಹಿಂದೆ ಒಂದು ಟವರ್. ಮೊಬೈಲು ಇನ್ನೂ ಆ ಕಡೆಗೆ ಕಾಲಿಟ್ಟಿರಲಿಲ್ಲ. ಊರಿನವರು ಹೊರಗಿನ ಯಾರೊಂದಿಗೆ ಮಾತಾಡಬೇಕಾದರೂ ಆ ಮಾತು ನಮ್ಮ ಆ ಮೂರು ಕೋಣೆಗಳನ್ನು ಹಾದೇ ಹೋಗಬೇಕಿತ್ತು. ನಾನು ಅಲ್ಲಿಗೆ ಅಧಿಕಾರಿಯಾಗಿ ಬಂದಾಗ ನನಗೆ ಇಪ್ಪತ್ತಾರು ವರ್ಷ. ಮೈಸೂರಿನ ಅಗ್ರಹಾರದಲ್ಲಿ ಬೆಳೆದವಳು, ಕೋಪ ಮೂಗಿನ ತುದಿಯಲ್ಲೇ. ಎಲ್ಲವೂ ಗೊತ್ತು ಎಂದುಕೊಂಡಿದ್ದ ವಯಸ್ಸು.

ಅಲ್ಲಿ ನನ್ನ ಕೈಕೆಳಗೆ ಇದ್ದದ್ದು ಒಬ್ಬರೇ, ಸಿದ್ದೇಗೌಡರು. ನಲವತ್ತರ ಆಸುಪಾಸು, ತೆಳ್ಳನೆ ಆಳು, ಸದಾ ಕಿವಿಯ ಮೇಲೊಂದು ಪೆನ್ಸಿಲ್. ಹನ್ನೆರಡು ವರ್ಷದಿಂದ ಅದೇ ಎಕ್ಸ್‌ಚೇಂಜಿನಲ್ಲಿ ದಿನಗೂಲಿ. ಕಂಬ ಹತ್ತುವುದು, ಗುಂಡಿ ತೋಡುವುದು, ಬ್ಯಾಟರಿಗೆ ನೀರು ಹಾಕುವುದು, ಕಸ ಗುಡಿಸುವುದು, ವಾರಕ್ಕೊಮ್ಮೆ ಮೈಸೂರಿನ ಕಚೇರಿಗೆ ತಪಾಲು ಒಯ್ಯುವುದು, ಎಲ್ಲವೂ ಅವರದೇ. ಆ ವರ್ಷ ದಿನಗೂಲಿಗಳನ್ನು ಖಾಯಂ ಮಾಡುವ ಪಟ್ಟಿ ಸಿದ್ಧವಾಗುತ್ತಿತ್ತು. ಆ ಸಲ ತಪ್ಪಿದರೆ ಮುಂದಿನ ಪಟ್ಟಿಯ ಹೊತ್ತಿಗೆ ಅವರ ವಯಸ್ಸು ಮೀರಿಹೋಗುತ್ತಿತ್ತು. ಇದನ್ನು ಅವರು ನನಗೆ ಒಂದೇ ಒಂದು ಸಲ ಹೇಳಿದ್ದರು, ಅದೂ ಬ್ಯಾಟರಿ ಕೋಣೆಯಲ್ಲಿ, ಬೆನ್ನು ಹಾಕಿ ನಿಂತು: "ಇದೊಂದು ಆಗ್ಬುಟ್ರೆ ಸಾಕು ಮೇಡಂ. ಎಣ್ಮಕ್ಳು ಎರಡವೆ." ನಾನು "ನೋಡೋಣ" ಎಂದಿದ್ದೆ.

ನಮ್ಮ ಊರಿನ ಮಾತು ಹೊರಗೆ ಹೋಗಲು ಎರಡು ದಾರಿಗಳಿದ್ದವು. ಮೊದಲನೆಯದು ರಸ್ತೆಯ ಪಕ್ಕ ನೆಲದೊಳಗೆ ಹೂತಿದ್ದ ಕೇಬಲ್. ದಿನನಿತ್ಯದ ಕರೆಗಳೆಲ್ಲ ಅದರಲ್ಲೇ. ಎರಡನೆಯದು ಬದಲಿ ದಾರಿ: ಟವರಿನ ಮೇಲಿನ ತಟ್ಟೆಯಂಥ ಆಂಟೆನಾದಿಂದ ಗಾಳಿಯಲ್ಲಿ ಹುಣಸೂರಿಗೆ. ಕೇಬಲ್ ಕತ್ತರಿಸಿದರೆ ಯಂತ್ರವೇ ಎಲ್ಲ ಕರೆಗಳನ್ನೂ ಬದಲಿ ದಾರಿಗೆ ತಿರುಗಿಸುತ್ತಿತ್ತು. ಆ ಬದಲಿ ದಾರಿಯಲ್ಲಿ ಮೂವತ್ತು ಮಾತಿನ ಚಾನೆಲ್‌ಗಳು, ಎಂದರೆ ಒಂದೇ ಹೊತ್ತಿಗೆ ಮೂವತ್ತು ಜನ ಮಾತಾಡಬಹುದು. ಅದರ ಜೊತೆಗೆ ಎರಡೂ ಊರಿನ ಯಂತ್ರಗಳು ತಮ್ಮತಮ್ಮಲ್ಲೇ ಸನ್ನೆ ಮಾಡಿಕೊಳ್ಳಲು ಬೇರೆ ಒಂದು. ಬದಲಿ ದಾರಿಯದು ಒಂದು ವಿಚಿತ್ರ ಕಷ್ಟ. ಅದಕ್ಕೆ ದಿನವೂ ಕೆಲಸವಿಲ್ಲ. ಕೆಟ್ಟರೆ ಯಾರೂ ಬಂದು ದೂರುವುದಿಲ್ಲ. ಬೇಕಾದ ದಿನ ಕೈ ಎತ್ತಿದಾಗಲೇ ಅದರ ಬಂಡವಾಳ ಗೊತ್ತಾಗುವುದು.

ನಾನು ಬರುವುದಕ್ಕೆ ಸ್ವಲ್ಪ ಮೊದಲು ಯಂತ್ರಕ್ಕೆ ಒಂದು ಹೊಸ ಕಾವಲು ಕಾರ್ಡ್ ಬಂದಿತ್ತು. ಅದು ಐದು ನಿಮಿಷಕ್ಕೊಮ್ಮೆ ಬದಲಿ ದಾರಿಯಲ್ಲಿ ಹುಣಸೂರಿಗೆ ಒಂದು ಸನ್ನೆ ಕಳಿಸುತ್ತಿತ್ತು. ಉತ್ತರ ಬಂದರೆ ಹಸಿರು ದೀಪ, ಬಾರದಿದ್ದರೆ ಕೆಂಪು ದೀಪ ಮತ್ತು ಗಂಟೆ. ತರಬೇತಿಯಲ್ಲಿ ನಾನು ಅದನ್ನು ಬಿಚ್ಚಿ ಜೋಡಿಸಿದ್ದೆ. ಆ ಹಸಿರು ದೀಪವನ್ನು ಕಂಡರೆ ನನಗೆ ಹೆತ್ತ ಮಗುವನ್ನು ಕಂಡಷ್ಟು ಹೆಮ್ಮೆ.

ಹೋದ ಎರಡನೇ ದಿನವೇ ನನಗೆ ಸಿದ್ದೇಗೌಡರ ಮೇಲೆ ಒಳಗೊಳಗೇ ಮುನಿಸು ಕಟ್ಟಿಕೊಂಡಿತು. ಬೆಳಿಗ್ಗೆ ಎಂಟಕ್ಕೆ ನಾನು ಒಳಗೆ ಕಾಲಿಡುವಾಗ ಅವರು ಯಂತ್ರದ ಪಕ್ಕದ ಪರೀಕ್ಷೆಯ ಫೋನು ಹಿಡಿದು ನಿಂತಿದ್ದರು.

"ಬಸ್ಸಾರಾ? ಯಾವ್ ಸೊಪ್ಪು? ... ಅರ್ವೆ ಜೊತ್ಗೆ ತೊಗರಿಕಾಳಾ? ಆಹಾ, ನಮ್ಮೂರ್ಗಂಟ ಗಮ್ ಅಂತದೆ ಬುಡಿ ಖಲೀಲಣ್ಣ. ನಮ್ದು ಇವತ್ತು ಹುಳ್ಳಿಕಾಳು."

ಎರಡು ನಿಮಿಷ ಇದೇ ನಡೆಯಿತು. ಆಮೇಲೆ ಫೋನಿಟ್ಟು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಒಂದು ಉದ್ದನೆಯ ಪುಸ್ತಕದಲ್ಲಿ ಏನೋ ಗೀಚಿದರು. ಖಲೀಲಣ್ಣ ಎಂದರೆ ಹುಣಸೂರಿನ ಎಕ್ಸ್‌ಚೇಂಜಿನ ಹಿರಿಯ ಮೆಕ್ಯಾನಿಕ್ ಖಲೀಲ್ ಸಾಹೇಬರು ಎಂದು ವಿಚಾರಿಸಿದಾಗ ತಿಳಿಯಿತು. ಮರುದಿನವೂ ಅದೇ ಹೊತ್ತಿಗೆ ಅದೇ ಸಾರಿನ ಮಾತು. ಅದರ ಮರುದಿನವೂ ಅದೇ. ವಾರ ಕಳೆಯಿತು, ಹದಿನೈದು ದಿನ ಕಳೆಯಿತು. ಒಂದು ದಿನ ಉಪ್ಸಾರು, ಒಂದು ದಿನ ಮಸ್ಸೊಪ್ಪು, ಒಂದು ದಿನ ಕೈಮ ಉಂಡೆ. ಸರ್ಕಾರಿ ಫೋನಿನಲ್ಲಿ ಎರಡು ಊರಿನ ಅಡುಗೆಮನೆ ಸೇರಿಕೊಂಡಿದೆಯಲ್ಲ ಎಂದು ನನ್ನ ಮೈ ಉರಿಯಿತು.

ಆರಿದ್ರಾ ಮಳೆ ಹಿಡಿದುಕೊಂಡ ವಾರ ನಾನು ಕೇಳಿಯೇಬಿಟ್ಟೆ.

"ಏನ್ರೀ ಇದು ದಿನಾ?"

"ಟೆಸ್ಟಿಂಗು ಮೇಡಂ. ಬದ್ಲಿ ಲೈನು. ದಿನಾ ಮಾತಾಡ್ಸ್ಬೇಕು ಅದ್ನ."

"ಟೆಸ್ಟಿಂಗ್ ಅಂದ್ರೆ ಸಾರಿನ ವಿಷಯಾನಾ? ಅಲ್ಲಿ ದೀಪ ಕಾಣ್ತಿಲ್ವಾ ನಿಮಗೆ? ಐದು ನಿಮಿಷಕ್ಕೊಂದು ಸಲ ಅದೇ ಟೆಸ್ಟ್ ಮಾಡ್ತಿದೆ."

"ದೀಪ ಸರಿ ಮೇಡಂ, ಆದ್ರೆ..."

"ಆದ್ರೆ ಗೀದ್ರೆ ಬೇಡ. ನಾಳೆಯಿಂದ ಈ ಹರಟೆ ನಿಲ್ಲಬೇಕು."

ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು "ಆಯ್ತು ಮೇಡಂ" ಎಂದರು. ಅಷ್ಟೇ. ಮರುದಿನ ಬೆಳಿಗ್ಗೆ ಎಂಟಕ್ಕೆ ಹುಣಸೂರಿನಿಂದ ಗಂಟೆ ಬಡಿಯಿತು. ಸಿದ್ದೇಗೌಡರು ಬ್ಯಾಟರಿ ಕೋಣೆಯಲ್ಲಿದ್ದರು, ಹೊರಗೆ ಬರಲಿಲ್ಲ. ನಾನೂ ಎತ್ತಲಿಲ್ಲ. ನಾಲ್ಕೈದು ದಿನ ಹಾಗೇ ಬಡಿದು ಬಡಿದು ಖಲೀಲ್ ಸಾಹೇಬರೂ ಸುಮ್ಮನಾದರು. ನಾನು ಪ್ರತಿದಿನ ರಿಜಿಸ್ಟರಿನಲ್ಲಿ 'ಬದಲಿ ದಾರಿ ಸರಿಯಾಗಿದೆ' ಎಂದು ಬರೆದು ಸಹಿ ಹಾಕತೊಡಗಿದೆ.

ಅದೇ ವಾರ ಮೈಸೂರಿನಿಂದ ಪತ್ರ ಬಂತು. ಪಟ್ಟಿಯಲ್ಲಿರುವ ದಿನಗೂಲಿಯ ನಡತೆ, ಶ್ರದ್ಧೆಗಳ ಬಗ್ಗೆ ಅಧಿಕಾರಿಯ ಅಭಿಪ್ರಾಯ ಬೇಕಿತ್ತು. ನಾನು ಇಂಗ್ಲಿಷಿನಲ್ಲಿ ಮೂರು ಸಾಲು ಬರೆದೆ. ಕಂಬದ ಕೆಲಸ ಬಲ್ಲರು, ಆದರೆ ಕಚೇರಿಯ ಫೋನನ್ನು ದಿನವೂ ಸ್ವಂತ ಹರಟೆಗೆ ಬಳಸುತ್ತಾರೆ, ಹೊಣೆಗಾರಿಕೆ ಸಾಲದು, ಖಾಯಂ ಮಾಡುವ ಮುನ್ನ ಯೋಚಿಸುವುದು ಒಳ್ಳೆಯದು. ನಿಜ ಬರೆಯುತ್ತಿದ್ದೇನೆ ಎಂಬ ಜಂಬವೇ ಇತ್ತು. ಕವರಿಗೆ ಹಾಕಿ, ಅಂಟಿಸಿ, ಶುಕ್ರವಾರದ ತಪಾಲಿನ ಚೀಲಕ್ಕೆ ಸೇರಿಸಿ, ಚೀಲವನ್ನು ಸಿದ್ದೇಗೌಡರ ಕೈಗೆ ಕೊಟ್ಟೆ. ತಪಾಲು ಒಯ್ಯುವವರು ಬೇರೆ ಯಾರಿದ್ದರು? ಅವರು ಚೀಲವನ್ನು ರೇನ್‌ಕೋಟಿನೊಳಗೆ ಸೇರಿಸಿಕೊಂಡು ಒಂಬತ್ತು ಗಂಟೆಯ ಬಸ್ಸಿಗೆ ಹೋದರು.

ಆ ವರ್ಷದ ಮಳೆ ಸಾಮಾನ್ಯದ್ದಲ್ಲ. ಕಬಿನಿ ಅಣೆಕಟ್ಟು ತುಂಬಿ ಬಾಗಿಲೆತ್ತಿದರು. ಹತ್ತಿ ಹೊಲಗಳಲ್ಲಿ ನೀರು ನಿಂತು ಬೇರಿಗೆ ಕೊಳೆ ಬಂತು. ಎಕ್ಸ್‌ಚೇಂಜಿನ ಗೋಡೆಗಳು ಒಳಗಿನಿಂದ ಬೆವರತೊಡಗಿದವು, ನನ್ನ ಮೇಜಿನ ಕಾಗದಗಳು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾದವು. ಮಳೆಯಲ್ಲೇ ರಸ್ತೆ ಅಗಲ ಮಾಡುವ ಕೆಲಸವೂ ನಡೆದಿತ್ತು. ಪುಷ್ಯ ಮಳೆಯ ಒಂದು ಬೆಳಿಗ್ಗೆ ಆ ಕೆಲಸದ ಜೆಸಿಬಿ ಎಲ್ಲೋ ನಮ್ಮ ಕೇಬಲನ್ನು ಎಳೆದು ತುಂಡು ಮಾಡಿತು. ನಮ್ಮಲ್ಲಿ ಗಂಟೆ ಬಡಿಯಿತು, ಮೊದಲ ದಾರಿಗೆ ಕೆಂಪು ದೀಪ. ಅರೆಕ್ಷಣದಲ್ಲಿ ಬದಲಿ ದಾರಿ ತಾನಾಗಿಯೇ ಎದ್ದಿತು. ಅದರ ದೀಪ ಹಸಿರು.

ಸಿದ್ದೇಗೌಡರು ಕೊಡೆ ಹಿಡಿದು ಕೇಬಲ್ ತುಂಡಾದ ಜಾಗ ಹುಡುಕಲು ರಸ್ತೆಗುಂಟ ನಡೆದರು. ನಾನು ಮೈಸೂರಿಗೆ ಫೋನು ಮಾಡಿ, "ಕೇಬಲ್ ಹೋಗಿದೆ ಸರ್, ಬದಲಿಯಲ್ಲಿ ಎಲ್ಲವೂ ಸರಿಯಾಗಿ ನಡೀತಿದೆ" ಎಂದು ಬೀಗಿದೆ. ನನ್ನ ಅದೃಷ್ಟಕ್ಕೆ ಆ ಕರೆ ಸರಿಯಿದ್ದ ಚಾನೆಲ್ ಹಿಡಿದಿತ್ತು.

ಅರ್ಧ ಗಂಟೆಯೊಳಗೆ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನವರು ಓಡಿ ಬಂದರು. ಮೂರು ಕರೆಗೆ ಒಂದು ಕರೆ ಮೂಗುಬಸವನಂತೆ ಆಗುತ್ತಿದೆ, ಇಲ್ಲಿಯ ಮಾತು ಆ ಕಡೆಗೆ ಕೇಳುತ್ತಿಲ್ಲ ಎಂದರು. ಅವರ ಹಿಂದೆಯೇ ನೆನೆದ ಸೆರಗು ತಲೆಗೆ ಹೊದ್ದ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತರು. ಮಗ ಶುಂಠಿ ಕೆಲಸಕ್ಕೆಂದು ಕೇರಳದ ಮಾನಂದವಾಡಿಯ ಕಡೆಗೆ ಹೋದವನು. ಅಲ್ಲಿ ಗುಡ್ಡ ಜರಿದಿದೆ ಎಂದು ಕೇಳಿ ಫೋನು ಮಾಡಿದ್ದಾರೆ.

"ಅವುನ್ ಮಾತು ನಂಗ್ ಕೇಳ್ತು ಕಣವ್ವ" ಎಂದರು ಆಕೆ. "ಅವ್ವಾ, ಮಾತಾಡವ್ವ, ಯಾಕ್ ಸುಮ್ಗಿದೀಯೆ, ಅಪ್ಪುಂಗ್ ಏನಾರ ಆಯ್ತಾ ಅಂತ ಒಂದೇ ಸಮ್ನೆ ಕೇಳ್ತಾವ್ನೆ. ನಾ ಬಡ್ಕತಾ ಇವ್ನಿ, ಅವುನ್ಗೆ ಕೇಳಾಕೇ ಇಲ್ಲ. ಅಳ್ತಾ ಮಡುಗ್ಬುಟ್ಟ."

ನಾನು ದೀಪ ನೋಡಿದೆ. ಹಸಿರು. ಅದು ಸುಳ್ಳು ಹೇಳುತ್ತಿರಲಿಲ್ಲ ಎಂಬುದೇ ನನ್ನ ತಲೆಗೆ ಹೊಳೆದ ಮೊದಲ ಮಾತು; ಅದು ಯಾವುದನ್ನು ನೋಡುತ್ತಿದೆ ಎಂಬುದು ಆಮೇಲೆ ನೆನಪಾಯಿತು. ಕಾವಲು ಕಾರ್ಡ್ ನೋಡುತ್ತಿದ್ದುದು ಯಂತ್ರಗಳ ಸನ್ನೆಯ ಆ ಒಂದು ದಾರಿಯನ್ನು ಮಾತ್ರ. ಮನುಷ್ಯರು ಮಾತಾಡುವ ಮೂವತ್ತನ್ನು ಅದು ಮುಟ್ಟಿಯೂ ನೋಡುತ್ತಿರಲಿಲ್ಲ. ತರಬೇತಿಯ ಪುಸ್ತಕದಲ್ಲಿ ಅದು ಇತ್ತು. ನಾನೇ ಓದಿದ್ದೆ.

ಹನ್ನೊಂದರ ಹೊತ್ತಿಗೆ ಸಿದ್ದೇಗೌಡರು ಮಂಡಿಯವರೆಗೆ ಕೆಸರು ಮಾಡಿಕೊಂಡು ಬಂದರು. ನಾಲ್ಕು ಮೈಲಿ ಆಚೆ ಮೋರಿಯ ಹತ್ತಿರ ತುಂಡಾಗಿದೆ, ಜೋಡಿಸುವವರು ಬರಲು ನಾಳೆಯಾಗುತ್ತದೆ ಎಂದರು. ನಾನು ಇಲ್ಲಿಯ ಸಂಗತಿ ಹೇಳಿದೆ. ಅವರು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, "ನಾನೂ ಖಲೀಲಣ್ಣನೂ ಒಂದ್ಕಿತ ಎಲ್ಲಾ ನೋಡ್ಬುಡ್ಲಾ ಮೇಡಂ?" ಎಂದು ಕೇಳಿದರು. ಅಪ್ಪಣೆ ಕೇಳಿದ್ದು! ನಾನು ತಲೆಯಾಡಿಸಿದೆ.

ಅವರು ಒಂದನೇ ಚಾನೆಲ್ ಹಿಡಿದು ಹುಣಸೂರಿಗೆ ಕರೆ ಮಾಡಿದರು. ನಾನು ಜೊತೆಯ ಫೋನನ್ನು ಕಿವಿಗೆ ಹಚ್ಚಿಕೊಂಡೆ.

"ಎಲ್ಲೋಗಿದ್ರಿ ಗೌಡ್ರೆ ತಿಂಗ್ಳಿಂದ?" ಖಲೀಲ್ ಸಾಹೇಬರ ದನಿ ಗಡುಸು. "ಕೋಪ ಮಾಡ್ಕೊಂಡ್ರಾ ನಮ್ಮೇಲೆ?"

"ಆಮ್ಯಾಕೆ ಯೋಳ್ತೀನಿ. ಇವತ್ತು ಮೂವತ್ತೂ ನೋಡ್ಬೇಕು ಕಣಣ್ಣ. ಏನ್ ಸಾರು?"

"ಹೀರೇಕಾಯಿ. ನಿಮ್ದು?"

"ಕಳ್ಲೆ."

ಎರಡನೇ ಚಾನೆಲ್: ನಿನ್ನೆ ರಾತ್ರಿ ಏನು ಸಾರು? ಮೂರನೇದು: ಮೊನ್ನೆ? ಆರನೆಯದಕ್ಕೆ ಸಾರು ಮುಗಿಯಿತು. ತಾಯಿಯ ಮಂಡಿ ನೋವು ಹೇಗಿದೆ, ತಂಗಿಯ ಮಗನಿಗೆ ಯಾವ ಊರಿನ ಹೆಣ್ಣು ನೋಡಿದಿರಿ, ಕಟ್ಟೆಮಳಲವಾಡಿಯ ಕಡೆ ಹೊಗೆಸೊಪ್ಪನ್ನು ಒಣಗಿಸಲು ಬ್ಯಾರನ್ನಿಗೆ ಹಾಕಿದರಾ ಎಂದು ಒಂದೊಂದು ಚಾನೆಲ್‌ಗೂ ಒಂದೊಂದು ಪ್ರಶ್ನೆ. ಹತ್ತರವರೆಗೆ ಎಲ್ಲ ಸರಿ. ಹನ್ನೊಂದನೆಯದರಲ್ಲಿ ಖಲೀಲ್ ಸಾಹೇಬರು, "ಗೌಡ್ರೆ? ಇದ್ದೀರಾ? ಕೇಳ್ತಿಲ್ಲ" ಎಂದರು. ನಮ್ಮ ಮಾತು ಅಲ್ಲಿಗೆ ಹೋಗುತ್ತಿರಲಿಲ್ಲ. ಹನ್ನೆರಡೂ ಅಷ್ಟೇ. ಇಪ್ಪತ್ತರವರೆಗೆ ಪೂರಾ ಅಷ್ಟೇ. ಇಪ್ಪತ್ತೊಂದರಿಂದ ಮತ್ತೆ ಸರಿ.

"ಎರಡನೇ ಕಾರ್ಡು ಮೇಡಂ. ಅತ್ತತ್ತು ಚಾನೆಲ್ಗೆ ಒಂದೊಂದು ಕಾರ್ಡು. ತ್ಯಾವ ಇಡ್ದದೆ" ಎಂದರು ಸಿದ್ದೇಗೌಡರು. ಆ ಕಾರ್ಡನ್ನು ಎಳೆದು, ಅದರ ಅಂಚಿನ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ನನಗೆ ತೋರಿಸಿದರು. ಹಸಿರು ಕಿಲುಬು. ಜೇಬಿನಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಹಲ್ಲುಹಲ್ಲನ್ನೂ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿದರು. ಹನ್ನೊಂದನೇ ಚಾನೆಲ್‌ನಲ್ಲಿ ಖಲೀಲ್ ಸಾಹೇಬರು "ಈಗ ಬಂತು ನೋಡಿ" ಎಂದರು. ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ.

ಸಿದ್ದೇಗೌಡರು ಮೊದಲ ಕೆಲಸವಾಗಿ, ಬಾಗಿಲಲ್ಲೇ ಕುಕ್ಕರಗಾಲಿನಲ್ಲಿ ಕುಳಿತಿದ್ದ ಆ ತಾಯಿಯನ್ನು ಒಳಗೆ ಕರೆದು, ಅವರ ಮಗ ಕೊಟ್ಟಿದ್ದ ನಂಬರಿಗೆ ತಾವೇ ಕರೆ ಹಾಕಿಕೊಟ್ಟರು. ಆಕೆ ಕಿರುಚಿಕೊಂಡು ಮಾತಾಡಿದರು. ಆ ಕಡೆಯವನಿಗೆ ಕೇಳಿಸಿತು.

ಮಧ್ಯಾಹ್ನ ಇಬ್ಬರೇ ಇದ್ದಾಗ ನಾನು ಆ ಉದ್ದನೆಯ ಪುಸ್ತಕ ಕೇಳಿ ಪಡೆದೆ. ತಾರೀಕಿಗೊಂದು ಚಾನೆಲ್. ಒಂದನೇ ತಾರೀಕು ಒಂದನೆಯದು, ಎರಡಕ್ಕೆ ಎರಡನೆಯದು, ತಿಂಗಳಲ್ಲಿ ಮೂವತ್ತೂ ಮುಗಿಯುತ್ತವೆ. ಮೂವತ್ತೊಂದು ಬಂದರೆ ರಜೆ. ಪ್ರತಿ ತಾರೀಕಿನ ಮುಂದೆ ಆ ದಿನ ಹುಣಸೂರಿನಿಂದ ಕೇಳಿಸಿದ ಸಾರಿನ ಹೆಸರು. ಅಲ್ಲಿ ಖಲೀಲ್ ಸಾಹೇಬರ ಪುಸ್ತಕದಲ್ಲಿ ಇಲ್ಲಿಯದು.

"ಸಾರೇ ಯಾಕೆ ಗೌಡ್ರೆ? ಹಲೋ ಹಲೋ ಅಂದ್ರೆ ಸಾಲದಾ?"

"ಅಲೋ ಅಂದ್ರೆ ಏನ್ ಗೊತ್ತಾದದು ಮೇಡಂ? ಅವ್ರು ಅಲೋ ಅಂತಾರೆ ಅಂತ ನಮ್ಗ್ ಮೊದ್ಲೇ ಗೊತ್ತಲ್ಲ. ಅರ್ಧ ಕೇಳುದ್ರೂ ಕಿವಿ ತುಂಬ್ಕತದೆ. ಗೊತ್ತಿಲ್ದೇ ಇರೋದ್ನ ಕೇಳ್ಬೇಕು. ಅವ್ರ್ ಮನೇಲ್ ಏನ್ ಮಾಡವ್ರೆ ಅಂತ ನಂಗೇನ್ ಗೊತ್ತು? ಸರ್ಯಾಗ್ ಕೇಳುದ್ರೇನೇ ಬರ್ಕಳಾದು. ಕೇಳ್ನಿಲ್ಲ ಅಂದ್ರೆ ಆ ಚಾನಲ್ಲು ಕೆಟ್ಟದೆ ಅಂತ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಇದನ್ನ?"

ಅವರು ನನ್ನ ಮುಖ ನೋಡಿ, ಮರ್ಯಾದೆಯಿಂದ ಕಣ್ಣು ಕೆಳಗೆ ಮಾಡಿದರು. ಹೇಳಲು ಹೊರಟವರ ಬಾಯಿ ಮುಚ್ಚಿಸಿದ್ದು ನಾನೇ ಅಲ್ಲವೇ. ಪುಸ್ತಕ ಆರಿದ್ರಾ ಮಳೆಯ ಆ ದಿನಕ್ಕೆ ನಿಂತುಹೋಗಿತ್ತು. ಮುಂದುವರಿದಿದ್ದರೆ ಹನ್ನೊಂದನೇ ತಾರೀಕೇ ಸಿಕ್ಕಿಬೀಳುತ್ತಿದ್ದ ಕಿಲುಬು ಅದು.

ಆಗ ನನಗೆ ಆ ಮೂರು ಸಾಲು ನೆನಪಾದವು. ಮರುದಿನ ಮೊದಲ ಬಸ್ಸಿಗೆ ಮೈಸೂರಿಗೆ ಹೋದೆ. ನನ್ನ ಮೇಲಿನ ಅಧಿಕಾರಿ ಕನ್ನಡಕ ಹಣೆಗೇರಿಸಿ ಕೇಳಿದರು.

"ಬರೆದವರೂ ನೀವೇ, ವಾಪಸ್ ಕೇಳೋರೂ ನೀವೇ. ಯಾವುದನ್ನ ನಂಬಲಿ?"

"ಎರಡನೇದನ್ನ ಸರ್. ಅವರು ಹರಟೆ ಹೊಡೀತಿರಲಿಲ್ಲ. ನಾನು ಮಾಡದೇ ಇದ್ದ ಕೆಲಸಾನ ಅವರು ಮಾಡ್ತಿದ್ರು."

"ಹಾಗಾದ್ರೆ ಅದನ್ನೇ ಬರೆದುಕೊಡಿ. ಪರೀಕ್ಷೆ ನಿಲ್ಲಿಸಿದ್ದು ಯಾರು, ನೋಡದೇ ಸಹಿ ಹಾಕಿದ್ದು ಯಾರು, ಎಲ್ಲಾ ಬರಬೇಕು. ಇದು ನಿಮ್ಮ ಫೈಲಿಗೆ ಹೋಗುತ್ತೆ, ಗೊತ್ತಿರಲಿ."

ಅವರ ಎದುರಿಗೇ ಕುಳಿತು ಬರೆದೆ. ನನ್ನ ಮುಂಬಡ್ತಿ ತಪ್ಪೀತೆಂಬ ಭಯವಿತ್ತು. ಆ ಭಯ ಸುಳ್ಳೂ ಆಗಲಿಲ್ಲ, ನನ್ನ ಜೊತೆಯವರೆಲ್ಲ ನನ್ನನ್ನು ದಾಟಿ ಮುಂದೆ ಹೋದರು. ಅದಕ್ಕೆ ನನಗೆ ಬೇಸರವಿಲ್ಲ ಎಂದರೆ ಸುಳ್ಳಾದೀತು, ಆದರೆ ಬರೆಯಬಾರದಿತ್ತು ಎಂದು ಒಂದು ದಿನವೂ ಅನಿಸಿಲ್ಲ.

ಮಳೆ ಕಡಿಮೆಯಾಗುತ್ತ ಬಂತು. ಪ್ರತಿದಿನ ಎಂಟಕ್ಕೆ ಮತ್ತೆ ಸಾರಿನ ಮಾತು ನಡೆಯಿತು, ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಪಟ್ಟಿ ಮಾತ್ರ ಬರಲಿಲ್ಲ. ತಪಾಲಿನ ಚೀಲ ಬಂದಾಗಲೆಲ್ಲ ಸಿದ್ದೇಗೌಡರಿಗಿಂತ ಮೊದಲು ನಾನೇ ಬಿಚ್ಚುತ್ತಿದ್ದೆ. ಮೊದಲ ಕಾಗದ ನನ್ನ ಎರಡನೆಯದಕ್ಕಿಂತ ಮೊದಲು ಯಾರ ಕಣ್ಣಿಗೆ ಬಿದ್ದಿದೆಯೋ ಎಂದು ಒದ್ದಾಡುತ್ತಿದ್ದೆ. ಗೌರಿ ಹಬ್ಬ ಕಳೆಯಿತು, ಮಹಾಲಯ ಕಳೆಯಿತು. ಆಯುಧಪೂಜೆಗೆ ಎರಡು ದಿನವಿದೆ ಎನ್ನುವಾಗ ಆದೇಶ ಬಂತು. ಸಿದ್ದೇಗೌಡರು ಖಾಯಂ. ಆದರೆ ಕೆಲಸ ಕೃಷ್ಣರಾಜನಗರದ ಕಡೆಗೆ. ಅವರು ಆ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹುಣಸೂರಿಗೆ ಫೋನು ಹಚ್ಚಿ, "ಆಯ್ತು ಕಣಣ್ಣ" ಎಂದರು.

ಅವರು ಹೊರಟ ದಿನ ಬಸ್ ಸ್ಟಾಪಿನವರೆಗೆ ನಾನೂ ಹೋದೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಹೆಂಡತಿ ಮಕ್ಕಳು ಹಬ್ಬ ಮುಗಿಸಿ ಬರುವವರಿದ್ದರು. ಹೇಳದೇ ಕಳಿಸಿದರೆ ನನಗೆ ನೆಮ್ಮದಿಯಿಲ್ಲ ಎನಿಸಿ ಬಾಯಿಬಿಟ್ಟೆ.

"ಗೌಡ್ರೆ, ನಿಮ್ಮ ಬಗ್ಗೆ ನಾನು ಮೊದಲು ಒಂದು ಕಾಗದ ಬರೆದಿದ್ದೆ. ಒಳ್ಳೇದು ಬರೆದಿರಲಿಲ್ಲ."

"ಗೊತ್ತು ಮೇಡಂ."

"ಯಾರು ಹೇಳಿದ್ರು?"

"ಅವತ್ತು ಮಳೇಗೆ ಕವರ್ ಗೋಂದು ಬಿಟ್ಕಂಡಿತ್ತು. ನನ್ ಎಸ್ರು ಕಾಣ್ತು. ಇಂಗ್ಲೀಸು ನಂಗ್ ಬರಾಕಿಲ್ವಲ್ಲ, ಬಸ್ನಲ್ಲಿ ಪಕ್ದಲ್ಲಿ ಕೂತಿದ್ ಮೇಷ್ಟ್ರು ಓದಿ ಯೋಳುದ್ರು. ಅಂಪಾಪುರ ಬರಾದ್ರೊಳ್ಗೆ ಎಲ್ಲಾ ಗೊತ್ತಾಯ್ತು. ಅರ್ದಾಕ್ಬುಡಿ ಗೌಡ್ರೆ, ಮಳೇಲಿ ಓಯ್ತು ಅಂದ್ರಾಯ್ತು ಅಂದ್ರು ಅವ್ರು."

"ಮತ್ತೆ ಯಾಕೆ ಹರಿದುಹಾಕಲಿಲ್ಲ?"

ಇದೂ ಒಂದು ಪ್ರಶ್ನೆಯೇ ಎಂಬಂತೆ ನನ್ನನ್ನು ನೋಡಿದರು. ಬಸ್ಸು ತಿರುವಿನಲ್ಲಿ ಕಾಣಿಸಿತು, ಅವರು ಟ್ರಂಕಿನ ಹಿಡಿಗೆ ಕೈ ಹಾಕಿದರು.

"ತಪಾಲಲ್ವಾ ಮೇಡಂ. ನನ್ ಕೈಗೆ ಕೊಟ್ಟಿದ್ರಿ. ತಿರ್ಗಾ ಗೋಂದ್ ಆಕಿ ಮುಚ್ಚಿ, ತಲ್ಪುಸ್ದೆ."

ಬಸ್ಸು ಅವರನ್ನು ಹತ್ತಿಸಿಕೊಂಡು ಹೋಯಿತು. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಆ ಶುಕ್ರವಾರದಿಂದ ಕೇಬಲ್ ತುಂಡಾದ ದಿನದವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಅಷ್ಟೂ ದಿನ ಬೆಳಿಗ್ಗೆ ನನಗೆ ನಮಸ್ಕಾರ ಹೇಳಿದ್ದರು, ನನ್ನ ಮೇಜು ಒರೆಸಿದ್ದರು, ಟೀ ತಂದುಕೊಟ್ಟಿದ್ದರು. ಆ ಮಳೆಯಲ್ಲಿ ನಾಲ್ಕು ಮೈಲಿ ನಡೆದು ಬಂದು, ಚಾನೆಲ್‌ಗಳನ್ನು ನೋಡಲೇ ಎಂದು ನನ್ನ ಅಪ್ಪಣೆ ಕೇಳಿದ್ದರು. ನಾನು ಬರೆದ ಒಂದೊಂದು ಮಾತೂ ಅವರಿಗೆ ಆಗಲೇ ಗೊತ್ತಿತ್ತು. ನಾಚಿಕೆಯಿಂದ ನನಗೆ ಎಕ್ಸ್‌ಚೇಂಜಿನ ಕಡೆಗೆ ಕಾಲು ಏಳಲಿಲ್ಲ.